ಅಡಿಕೆ ಚೀಲದಲ್ಲಿ ಹೋದ ಗಿಟಾರು

ಚೀಲದ ಬಾಯಿ ಹೊಲಿಯುವುದು ನನಗೆ ಬರುತ್ತಿದ್ದ ಒಂದೇ ಕೆಲಸ. ಸಿದ್ದಾಪುರದ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಯುತ್ತಲೇ ಅಪ್ಪ ನನ್ನನ್ನು ಶಿರಸಿ ಪೇಟೆಯ ಒಂದು ಅಡಿಕೆ ವಖಾರಿಗೆ ತಂದು ಬಿಟ್ಟ. ದಬ್ಬಣ, ಸುತಳಿ, ಗೋಣಿಚೀಲ, ಧೂಳು. ವಾರವೆಲ್ಲ ವಖಾರಿಯ ಅಟ್ಟದ ಮೇಲೆ ಮಲಗುವುದು, ಬಿಡುವು ಸಿಕ್ಕಾಗ ಊರಿಗೆ ಹೋಗಿ ಅವ್ವನ ಕೈ ಊಟ ಉಂಡು ಬರುವುದು. ಚೀಲಕ್ಕೆ ಎರಡು ಕಿವಿ ಬಿಟ್ಟು ಹೊಲಿಯಬೇಕು, ಹಮಾಲರು ಆ ಕಿವಿ ಹಿಡಿದು ಎತ್ತಲಿ ಎಂದು. ಅವರೇನೂ ಕಿವಿ ಹಿಡಿಯುತ್ತಿರಲಿಲ್ಲ. ಕಬ್ಬಿಣದ ಕೊಕ್ಕೆಯನ್ನು ಗೋಣಿಗೆ ಚುಚ್ಚಿ ಎಳೆದುಬಿಡುತ್ತಿದ್ದರು. ಅಡಿಕೆಗೆ ಏನಾಗುತ್ತದೆ? ಕೊಕ್ಕೆ ಬಿದ್ದರೂ ಅಡಿಕೆ ಅಡಿಕೆಯೇ.

ನಾನು ಹೊಲಿದ ಚೀಲ ಮುಂಬಯಿ ಮುಟ್ಟಿದರೂ ಬಿಚ್ಚಿಕೊಳ್ಳುವುದಿಲ್ಲ ಎಂದು ವಖಾರಿಯ ಸಾಹುಕಾರರು ಬಂದವರ ಎದುರು ಹೇಳುತ್ತಿದ್ದರು. ಆ ಒಂದು ಮಾತನ್ನು ನೆಚ್ಚಿಕೊಂಡು ನಾನು ಬಹಳ ವರ್ಷ ತಲೆಯೆತ್ತಿ ನಡೆದೆ.

ನನಗೆ ಒಬ್ಬನೇ ತಮ್ಮ. ಅವನು ನನ್ನ ಹಾಗಲ್ಲ. ಮೀಸೆ ಚಿಗುರುವ ಮೊದಲೇ ಮುಂಬಯಿಗೆ ಓಡಿಹೋದ. ನಮ್ಮ ಕಡೆಯವರು ಎಷ್ಟೋ ಜನ ಅಲ್ಲಿ ಹೊಟೇಲಿನಲ್ಲಿ ಕಪ್ಪು-ಬಸಿ ತೊಳೆಯಲು ಹೋಗುತ್ತಿದ್ದ ಕಾಲ ಅದು. ಇವನು ತೊಳೆಯುತ್ತಿದ್ದ ಹೊಟೇಲಿನ ಮೇಲಿನ ಮಾಳಿಗೆಯಲ್ಲಿ ಗೋವೆ ಕಡೆಯ ಒಬ್ಬ ಮುದುಕ ಇದ್ದನಂತೆ. ಮದುವೆಗೆ, ದೊಡ್ಡ ಹೊಟೇಲುಗಳಿಗೆ ವಾದ್ಯದ ಮೇಳ ಕರೆದೊಯ್ಯುವವ. ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕೆಲಸ ಮುಗಿದ ಮೇಲೆ ತಮ್ಮ ಹೋಗಿ ಅವನ ಬಾಗಿಲಲ್ಲಿ ಕೂರುತ್ತಿದ್ದ. ಕೂತು ಕೂತು ಗಿಟಾರು ಕಲಿತ. ಮೇಸ್ತ್ರಿಯ ಕೈ ನಡುಗತೊಡಗಿದ ಮೇಲೆ ಅವನ ಗಿಟಾರನ್ನೇ ತಾನು ತೆಗೆದುಕೊಂಡ. ಅದು ಹಡಗಿನಲ್ಲಿ ಬಂದ ಪರದೇಶದ ಮಾಲು. ಅದರ ಬೆಲೆಯನ್ನು ವರ್ಷಗಟ್ಟಲೆ ಸಂಬಳದಲ್ಲಿ ಹಿಡಿಸಿ ತೀರಿಸಿದ. ಇಷ್ಟೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಮೇಳದಲ್ಲಿ ಸೇರಿಕೊಂಡಿದ್ದೇನೆ ಎಂದು ಅವನು ಬರೆದಾಗ ಅವ್ವ ಯಕ್ಷಗಾನದ ಮೇಳ ಎಂದು ತಿಳಿದು ಖುಷಿಪಟ್ಟಿದ್ದಳು.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮೇಲಿನ ವರ್ಷವಿರಬೇಕು, ಅಪ್ಪ ಸತ್ತ. ಸುದ್ದಿ ಮುಟ್ಟಿ ತಮ್ಮ ಬರುವಷ್ಟರಲ್ಲಿ ದಿನಕಾರ್ಯವೆಲ್ಲ ಮುಗಿದಿತ್ತು. ಒಂದು ಕೈಯಲ್ಲಿ ಟ್ರಂಕು, ಬೆನ್ನಿಗೆ ಖಾಕಿ ಬಟ್ಟೆಯ ಗವಸು ಹಾಕಿದ ಗಿಟಾರು. ಅದನ್ನು ಬಿಟ್ಟು ಬರಲು ಅವನಿರುವ ಖೋಲಿಗೆ ಬೀಗವಿರಲಿಲ್ಲ. ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪ ಅದನ್ನೇ ನೋಡಿದ.

"ಇದೆಂತದಾ ತಮಾ, ಸತ್ತ ಮನೆಗೆ ವಾಲಗ ತಂದಿದ್ಯಾ?"

ಇದ್ದವರು ತಲೆ ತಗ್ಗಿಸಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನಮ್ಮಲ್ಲಿ ತಂದೆಯ ವರ್ಷದ ಕಾರ್ಯ ಆಗುವತನಕ ಮಕ್ಕಳು ಹೊಸ ಬಟ್ಟೆ ಉಡುವುದಿಲ್ಲ, ಮದುವೆ ಊಟಕ್ಕೆ ಕೂರುವುದಿಲ್ಲ, ಹಾಡು ವಾದ್ಯ ಎಂದು ಹೋಗುವುದಿಲ್ಲ. ನಾನು ಆಗಷ್ಟೇ ಮನೆಯ ಯಜಮಾನ ಅನ್ನಿಸಿಕೊಂಡಿದ್ದೆ. ತಮ್ಮ ತಿರುಗಿ ಹೊರಟ ದಿನ, ಎಲ್ಲರೂ ಕೇಳುವ ಹಾಗೆ ಹೇಳಿದೆ.

"ಇದು ಇಲ್ಲೇ ಇರ್ಲಿ. ವರ್ಷ ಕಳದ ಮೇಲೆ ಬಂದು ಒಯ್ಯು."

"ಅಣ್ಣಾ, ನಂಗೆ ಅದೇ ಕೆಲಸ ಅಲ್ದಾ? ಅಪ್ಪ ಸತ್ತ ಅಂತ ನೀ ದಬ್ಬಣ ಕೆಳಗಿಟ್ಯಾ?"

"ದಬ್ಬಣಕ್ಕೆ ಸದ್ದಿಲ್ಲ" ಅಂದೆ.

ದೊಡ್ಡಪ್ಪ ಮೆಚ್ಚಿ ತಲೆಯಾಡಿಸಿದ. ತಮ್ಮನು ಅವ್ವನ ಮುಖ ನೋಡಿದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವನು ಗಿಟಾರನ್ನು ಗೋಡೆಗೆ ತೂಗುಹಾಕಿ, ಟ್ರಂಕು ಹಿಡಿದು ಬಸ್ಸಿಗೆ ಹೋದ.

ಮುಂಬಯಿಯಲ್ಲಿ ಮೇಸ್ತ್ರಿ ಅವನನ್ನು ಕೈಬಿಡಲಿಲ್ಲ. ಊರಿಗೆ ಹೋಗಿದ್ದ ಯಾರದೋ ಗಿಟಾರನ್ನು ಕೊಟ್ಟು ಅಷ್ಟು ದಿನ ನಡೆಸಿದ. ಮಳೆಗಾಲ ಮುಗಿಯುವಾಗ ಆ ಗಿಟಾರಿನ ಆಸಾಮಿ ತಿರುಗಿ ಬಂದ. ಅದೇ ಹೊತ್ತಿಗೆ ಮೇಳಕ್ಕೆ ಒಂದು ದೊಡ್ಡ ಹೊಟೇಲಿನಲ್ಲಿ ದಿನವೂ ಬಾರಿಸುವ ಕಾಯಂ ಕೆಲಸ ಸಿಕ್ಕಿತು. ತಮ್ಮ ಕಾಗದ ಬರೆದ. ನಾತಾಳ, ಅಂದರೆ ಕ್ರಿಸ್ಮಸ್ ಹಬ್ಬದೊಳಗೆ ನನ್ನ ಗಿಟಾರು ಬಂದು ಮುಟ್ಟಿದರೆ ಆ ಜಾಗ ನನ್ನದು, ಇಲ್ಲದಿದ್ದರೆ ಬೇರೆಯವನದು ಎಂದು ಮೇಸ್ತ್ರಿ ಹೇಳಿದ್ದಾನೆ, ಹೇಗಾದರೂ ಮಾಡಿ ಕಳಿಸು ಅಂತ.

ವರ್ಷದ ಕಾರ್ಯಕ್ಕೆ ಇನ್ನೂ ಕೆಲವು ತಿಂಗಳು ಇತ್ತು. ನಾನು ಕಾಗದವನ್ನು ಅವ್ವನಿಗೆ ಓದಿ ಹೇಳಿದೆ.

"ಕಳ್ಸಾ" ಅಂದಳು ಅವ್ವ. "ಅವನ ಹೊಟ್ಟೆ ಕಟ್ಟಿ ನಿಮ್ಮಪ್ಪನ ವರ್ಷ ಮಾಡೂದೆಂತಕ್ಕೆ? ಅವರಾದ್ರೂ ಒಪ್ಪೂರಾ?"

"ಜನ ಎಂತ ಅಂತಾರೆ?"

"ಜನ ಅವಂಗೆ ಅನ್ನ ಹಾಕ್ತಾರಾ?"

ಕಳಿಸುವುದೇನೋ ನಿಶ್ಚಯವಾಯಿತು. ನಾನೇ ಒಯ್ದು ಕೊಟ್ಟು ಬರಬಹುದಿತ್ತು. ಆದರೆ ಹುಬ್ಬಳ್ಳಿಯಾಚೆ ಕಾಲಿಟ್ಟವನಲ್ಲ ನಾನು, ಅದೂ ಅಡಿಕೆ ಸುಗ್ಗಿ ಶುರುವಾಗುವ ದಿನ. ಶಿರಸಿಯ ಬಡಗಿಯ ಹತ್ತಿರ ಒಂದು ಮರದ ಪೆಟ್ಟಿಗೆ ಮಾಡಿಸಬಹುದಿತ್ತು. ಮಾಡಿಸಿದರೆ ಅವನು ಕೇಳುತ್ತಾನೆ, ಅವನು ಕೇಳಿದರೆ ಪೇಟೆ ಕೇಳುತ್ತದೆ, ಪೇಟೆ ಕೇಳಿದರೆ ವಾರದೊಳಗೆ ದೊಡ್ಡಪ್ಪನ ಜಗಲಿಗೆ ಮುಟ್ಟುತ್ತದೆ. ದಬ್ಬಣದ ಮಾತಾಡಿ ತಮ್ಮನ ಬಾಯಿ ಮುಚ್ಚಿಸಿದ ಯಜಮಾನ, ವರ್ಷ ತುಂಬುವ ಮೊದಲೇ ವಾದ್ಯ ಕಳಿಸಿದ ಎಂದು ನಗುತ್ತಾರೆ. ನನಗೆ ಹೆದರಿಕೆ ಇದ್ದದ್ದು ಸತ್ತ ಅಪ್ಪನದಲ್ಲ, ಆ ನಗೆಯದು.

ಅದಕ್ಕೇ ಗಿಟಾರನ್ನು ಅಡಿಕೆ ಚೀಲ ಮಾಡಿದೆ.

ವಖಾರಿಯಿಂದ ಒಳ್ಳೆಯ ಎರಡು ಗೋಣಿ ತಂದು, ಉದ್ದಕ್ಕೆ ಸಾಲದೆಂದು ಕೂಡಿಸಿ ಹೊಲಿದೆ. ಅವ್ವ ತನ್ನ ಹಳೆಯ ಕೌದಿ ಕೊಟ್ಟಳು. ಗಿಟಾರನ್ನು ಕೌದಿಯಲ್ಲಿ ಸುತ್ತಿ ಚೀಲದ ನಡುವೆ ನಿಲ್ಲಿಸಿ, ಸುತ್ತಲೂ ಬಿಳಿಗೋಟು ಸುರಿದೆ. ಬಿಳಿಗೋಟು ಅಂದರೆ ಕೆಳದರ್ಜೆಯ ಅಡಿಕೆ, ನಮ್ಮ ಮನೆಯಲ್ಲಿ ಬಿದ್ದುಕೊಂಡಿತ್ತು.

"ಅಡಿಕೆ ಎಂತಕ್ಕಾ ಸುರೀತೆ? ಹುಲ್ಲು ತುಂಬು" ಅಂದಳು ಅವ್ವ.

"ಹುಲ್ಲು ತುಂಬಿದ್ರೆ ಹಗುರ ಆಗ್ತದೆ ಅವ್ವಾ. ಎತ್ತಿದವಂಗೆ ಗೊತ್ತಾಗ್ತದೆ."

"ಗೊತ್ತಾಗ್ಲಿ. ಗೊತ್ತಾದ್ರೆ ನಿಧಾನ ಎತ್ತೂದಿಲ್ವಾ?"

ಅಷ್ಟು ಸರಳ ಮಾತು. ನಾನು ಕಿವಿಗೆ ಹಾಕಿಕೊಳ್ಳದೆ ಬಾಯಿ ಹೊಲಿದೆ, ಎರಡು ಕಿವಿ ಬಿಟ್ಟೆ. ತಂತಿ ಸಡಿಲಿಸಬೇಕೆಂಬುದು ನನಗೆ ತಿಳಿದಿರಲಿಲ್ಲ. ಮೇಲೆ ವಖಾರಿಯ ಗುರುತಿನ ಬಣ್ಣವನ್ನೂ ಬಳಿದೆ. ಮುಗಿಸಿ ದೂರ ನಿಂತು ನೋಡಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಯಾವ ಸುಬ್ಬನೂ ಅದನ್ನು ಅಡಿಕೆಯಲ್ಲ ಅನ್ನುವಂತಿರಲಿಲ್ಲ.

ಮನೆಯದೊಂದು ಬಿಳಿಗೋಟಿನ ಚೀಲ ಮುಂಬಯಿಗೆ ಹೋಗಬೇಕಿತ್ತು ಎಂದು ಸಾಹುಕಾರರನ್ನು ಕೇಳಿದೆ. "ಅದ್ಕೆಂತ, ನಮ್ಮ ಮಾಲಿನ ಸಂಗಡವೇ ಹೋಗ್ಲಿ ಬಿಡು" ಅಂದರು. ಮಾಲನ್ನು ಲಾರಿ ಆಫೀಸಿನವರು ಹುಬ್ಬಳ್ಳಿಗೆ ಒಯ್ದು ಅಲ್ಲಿಂದ ರೈಲಿಗೆ ಹಾಕುತ್ತಿದ್ದರು. ಮುಂಬಯಿಯ ಗೋದಾಮು ಮುಟ್ಟುವವರೆಗೆ ಜವಾಬ್ದಾರಿ ಅವರದು. ಅವರು ಕೊಡುವ ಪಾವತಿ ಚೀಟಿಯಲ್ಲಿ ಎಲ್ಲ ಚೀಲಗಳ ಕೂಡ ನನ್ನದೂ ಅಡಿಕೆ ಎಂದೇ ಬಿತ್ತು. ಗೋದಾಮಿಗೆ ಹೋಗಿ ಚೀಲ ಬಿಡಿಸಿಕೊ ಎಂದು ತಮ್ಮನಿಗೆ ಕಾಗದ ಹಾಕಿದೆ.

ಆ ದಿನ ಯಲ್ಲಾಪುರದ ಮಾಲನ್ನೂ ತುಂಬಬೇಕಿದ್ದರಿಂದ ಲಾರಿ ಆ ದಾರಿಯಲ್ಲಿ ಹೋಯಿತು. ಅಲ್ಲಿ ಚೀಲ ಲೆಕ್ಕ ಮಾಡಿ ಕೊಡಲು ನಾನೂ ವಖಾರಿಯ ಗುಮಾಸ್ತನೂ ಸಂಗಡ ಹೋದೆವು. ಯಲ್ಲಾಪುರದಲ್ಲಿ ತುಂಬುತ್ತಿದ್ದವರು ಹುಬ್ಬಳ್ಳಿ ಕಡೆಯ ಹಮಾಲರು. ಹೊಸ ಚೀಲಕ್ಕೆ ಜಾಗ ಮಾಡಲು ನಮ್ಮ ಚೀಲಗಳನ್ನು ಸರಿಸತೊಡಗಿದರು. ಒಬ್ಬ ನಡುವಯಸ್ಸಿನವ ನನ್ನ ಚೀಲಕ್ಕೆ ಕೊಕ್ಕೆ ಹಾಕಿ ಎಳೆದ.

ಚೀಲದೊಳಗಿಂದ ಠಂಯ್ ಎಂದಿತು. ತಂತಿಯ ಸದ್ದು. ಅದು ಬಹಳ ಹೊತ್ತು ನಿಂತಿತು, ಅಥವಾ ನನಗೆ ಹಾಗೆ ಅನ್ನಿಸಿತು.

ಹಮಾಲ ಕೊಕ್ಕೆ ಬಿಟ್ಟು ಹಿಂದೆ ಸರಿದ. "ಏನ್ರೀ ಅಣ್ಣಾರ, ಶಿರಸಿ ಅಡಿಕಿ ಹಾಡಾಕ ಕಲ್ತೈತೇನ್ರಿ?"

ಎಲ್ಲರೂ ಹೋ ಎಂದು ನಕ್ಕರು. ಇನ್ನೊಬ್ಬ, "ಹಿಂಗ ಹಾಡಿದ್ರ ನಾಳೆ ಸೀರಿ ಕೇಳ್ತೈತಿ" ಅಂದ. ನಾನೂ ನಕ್ಕೆ.

ಮೊದಲಿನವ ನಗಲಿಲ್ಲ. ಚೀಲದ ಮೇಲೆ ಕೈಯಿಟ್ಟು, "ಒಳಗ ಏನೋ ಐತಿ ನೋಡ್ರಿ. ಬಿಚ್ಚಿ ನೋಡೂಣೇನ್ರಿ? ಬೇಕಾರ ಮ್ಯಾಲೆ ಇಡ್ತೀನಿ" ಅಂದ.

ಗುಮಾಸ್ತ ನನ್ನ ಪಕ್ಕದಲ್ಲೇ ಬೀಡಿ ಸೇದುತ್ತ ನಿಂತಿದ್ದ. ಬಿಚ್ಚಿದರೆ ಅವನ ಎದುರು ಬಿಚ್ಚಬೇಕು.

"ಎಂತದೂ ಇಲ್ಲ ಮಾರಾಯಾ, ತಂತಿ ತುಂಡು ಸಿಕ್ಕಿರ್ಬೇಕು. ಹೊತ್ತಾತು, ಹಾಕು" ಅಂದೆ.

ಅವನು ಹಾಕಿದ. ಅಡಿಯಲ್ಲಿ, ಮೂಲೆಗೆ. ಅದರ ಮೇಲೆ ಯಲ್ಲಾಪುರದ ಚೀಲಗಳು ಒಂದರ ಮೇಲೊಂದು ಬಿದ್ದವು. ಚೀಲ ಕೂರಲಿ ಎಂದು ಅವರು ಮೇಲೆ ಹತ್ತಿ ತುಳಿದರು, ಅದೂ ನಮ್ಮ ಪೇಟೆಯ ಪದ್ಧತಿಯೇ. ಆಗ ಇನ್ನೊಂದು ಸದ್ದು ಕೇಳಿತು. ಈ ಸಲ ತಂತಿಯದಲ್ಲ, ಮರದ್ದು. ಯಾರೂ ಗಮನಿಸಲಿಲ್ಲ. ನಾನು ಗುಮಾಸ್ತನ ಸಂಗಡ ಹೋಗಿ ಚಾ ಕುಡಿದೆ.

ಮುಂಬಯಿಯಿಂದ ಬಂದ ಕಾಗದದಲ್ಲಿ ಬೈಗುಳ ಒಂದೂ ಇರಲಿಲ್ಲ. ಕುತ್ತಿಗೆ ಮುರಿದಿದೆ, ಹೊಟ್ಟೆಗೆ ತೂತು ಬಿದ್ದಿದೆ, ದಾರಿಯಲ್ಲಿ ಏನು ಮಾಡಿದರೋ ಪಾಪಿಗಳು ಎಂದು ಬರೆದಿದ್ದ. ನೀನು ಲಾರಿ ಆಫೀಸಿಗೆ ಕ್ಲೇಮು ಹಾಕು, ನಿನಗೆ ಅದೆಲ್ಲ ಗೊತ್ತು. ಮೇಸ್ತ್ರಿಯ ಪರಿಚಯದ ಒಬ್ಬ ರಿಪೇರಿಯವ ಇದ್ದಾನೆ, ಈಗಲೇ ಕೊಟ್ಟರೆ ಹಬ್ಬದೊಳಗೆ ಕೂಡಿಸಿ ಕೊಡುತ್ತಾನಂತೆ. ಕೊಡಲೋ, ಕ್ಲೇಮಿಗಾಗಿ ಹಾಗೇ ಇಡಲೋ, ತಿರುಗಿ ಬರೆ.

ನನಗೆ ಅದೆಲ್ಲ ಗೊತ್ತು ಅನ್ನುವುದು ಸುಳ್ಳಲ್ಲ. ಮಳೆಗೆ ಚೀಲ ತೊಯ್ದು ಹೋದಾಗ ವಖಾರಿಯಿಂದ ಕ್ಲೇಮು ಹಾಕುತ್ತಿದ್ದೆವು. ಅದಕ್ಕೊಂದು ನಿಯಮ ಇತ್ತು. ತೊಯ್ದ ಚೀಲವನ್ನು ಬಿಚ್ಚಬಾರದು, ಒಣಗಿಸಬಾರದು. ಲಾರಿ ಆಫೀಸಿನ ಮನುಷ್ಯ ಬಂದು ಕಣ್ಣಾರೆ ನೋಡಿ ಒಪ್ಪುವವರೆಗೆ ಇದ್ದ ಹಾಗೇ ಇಡಬೇಕು. ಮುಟ್ಟಿದರೆ ಕ್ಲೇಮು ಸತ್ತಿತು ಅನ್ನುತ್ತಿದ್ದರು ಸಾಹುಕಾರರು.

ಇನ್ನೊಂದೂ ಗೊತ್ತಿತ್ತು. ಪಾವತಿಯಲ್ಲಿ ಇರುವುದು ಅಡಿಕೆ. ಗಿಟಾರು ಮುರಿಯಿತೆಂದು ನಾನು ಆಫೀಸಿನ ಮೆಟ್ಟಿಲು ಹತ್ತಿದರೆ, ಗಿಟಾರು ಕಳಿಸಿದವರು ಯಾರು ಎಂದು ಅವರು ಮೊದಲು ಕೇಳುತ್ತಾರೆ. ಮಾತು ಸಾಹುಕಾರರಿಗೆ ಹೋಗುತ್ತದೆ, ಅವರ ಗುರುತು ಬಳಿದ ಚೀಲದಲ್ಲಿ ಸುಳ್ಳು ಮಾಲು ಕಳಿಸಿದವನನ್ನು ಅವರು ಇಟ್ಟುಕೊಳ್ಳುತ್ತಾರೆಯೇ? ಕ್ಲೇಮು ಇಲ್ಲ, ಆಗುವುದಿಲ್ಲ, ರಿಪೇರಿ ಮಾಡಿಸಿಕೊ ಎಂದು ತಮ್ಮನಿಗೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಏಕೆ ಆಗುವುದಿಲ್ಲ ಎಂದು ಅವನು ಕೇಳುತ್ತಿದ್ದ. ಕೇಳಿದರೆ ಯಲ್ಲಾಪುರದ ವಿಷಯ ಹೇಳಬೇಕಾಗುತ್ತಿತ್ತು.

ಕ್ಲೇಮು ಹಾಕಿದ್ದೇನೆ ಎಂದು ಬರೆದೆ. ಬರೆದದ್ದು ನಿಜವೆಂದು ಕಾಣಲಿ ಎಂದು, ನನಗೆ ಗೊತ್ತಿದ್ದ ನಿಯಮವನ್ನೂ ಸೇರಿಸಿದೆ. ಗಿಟಾರನ್ನು ಯಾರ ಕೈಗೂ ಕೊಡಬೇಡ, ರಿಪೇರಿ ಮಾಡಿಸಬೇಡ, ಆಫೀಸಿನವರು ನೋಡುವವರೆಗೆ ಹಾಗೇ ಇಡು.

ಗಿಟಾರು ಮುರಿದದ್ದು ಲಾರಿಯಲ್ಲಿ. ತಮ್ಮನ ಕೆಲಸ ಮುರಿದದ್ದು ಈ ಸಾಲಿನಿಂದ. ಅವನು ನನ್ನ ಮಾತು ನಂಬಿ ಅದನ್ನು ಕೌದಿಯಲ್ಲೇ ಸುತ್ತಿ ಖೋಲಿಯ ಮೂಲೆಗೆ ನಿಲ್ಲಿಸಿದ. ನಾತಾಳ ಬಂತು, ಹೋಯಿತು. ಹೊಟೇಲಿನ ಜಾಗಕ್ಕೆ ಮೇಸ್ತ್ರಿ ಬೇರೊಬ್ಬನನ್ನು ಕರೆದ. ತಮ್ಮ ತಿರುಗಿ ತನ್ನ ಹಳೆಯ ಹೊಟೇಲಿಗೆ ಇಳಿದ, ಈಗ ತೊಳೆಯುವವನಲ್ಲ, ಬಡಿಸುವವ. ಕ್ಲೇಮು ಬಂದರೆ ಹೊಸದೇ ಕೊಳ್ಳುತ್ತೇನೆ, ಆಗ ನೋಡೋಣ ಎಂದು ಬರೆದ.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ಆಯಾಸವಾಗುತ್ತದೆ. ಊರಿಗೆ ಹೋದಾಗಲೆಲ್ಲ ಅವ್ವ ಚೊಂಬು ನೀರು ಕೊಡುವ ಮೊದಲೇ ಕೇಳುತ್ತಿದ್ದಳು.

"ಆಫೀಸಿನವ್ರು ಎಂತ ಅಂದ್ರಾ?"

"ಬರೂ ತಿಂಗಳು ಅಂದ್ರು."

"ಹೋದ ತಿಂಗಳೂ ಬರೂ ತಿಂಗಳು ಅಂದಿದ್ರು."

"ರಾಜ್ಯ ಬೇರೆ ಆತಲ್ಲ ಅವ್ವಾ. ಕಾಗದ ಎಲ್ಲ ಆ ಕಡೆಯಿಂದ ಈ ಕಡೆ ಬರ್ಬೇಕು."

ಆ ಕಾಲದಲ್ಲಿ ಯಾವ ಕೆಲಸ ತಡವಾದರೂ ಜನ ಹಾಗೆಯೇ ಅನ್ನುತ್ತಿದ್ದರು. ಅವ್ವ ನಂಬಿದಳು. ಸುಳ್ಳಿಗೆ ಸ್ವಲ್ಪವಾದರೂ ಮೈ ಇರಲಿ ಎಂದೋ ಏನೋ, ನಾನು ನಿಜವಾಗಿಯೂ ಲಾರಿ ಆಫೀಸಿಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತು ಬರುತ್ತಿದ್ದೆ. ಹೋಗಿಲ್ಲ ಎಂದು ಆಗದಿರಲಿ. ಅಲ್ಲಿಯ ಕಾರಕೂನನಿಗೆ ನಾನು ವಖಾರಿಯ ಕೆಲಸಕ್ಕೇ ಬಂದೆನೆಂದು ಕಾಣುತ್ತಿತ್ತು. ಎಲೆ ಅಡಿಕೆ ಹಾಕಿಕೊಂಡು ಮಾತಾಡುತ್ತಿದ್ದ. ಒಂದು ದಿನ ಯಾರದೋ ಸಂಗತಿ ಎಂಬಂತೆ ಕೇಳಿದೆ.

"ಯಾರಾದ್ರೂ ಅಡಿಕೆ ಅಂತ ಬರೆಸಿ ಒಳಗೆ ವೀಣೆ ಕಳ್ಸಿ, ಅದು ಮುರಿದ್ರೆ ಎಂತ ಮಾಡ್ತ್ರಿ?"

ಅವನು ಎಲೆಗೆ ಸುಣ್ಣ ಸವರುತ್ತ ನಕ್ಕ. "ಕ್ಲೇಮು ಹಾಕ್ಲಿ. ವೀಣೆಗಲ್ಲ, ಅವನ ಬುದ್ಧಿಗೆ."

"ಅಲ್ಲ, ಪಾಪ, ಮಾಲು ಹೋತಲ್ಲ ಅಂತ."

"ಪಾಪ ಎಂತದು? ಇದು ವೀಣೆ ಅಂತ ಮೊದಲೇ ಹೇಳಿದ್ರೆ ನಮ್ಮವರು ಕೂಸಿನ ಹಾಂಗೆ ಎತ್ತಿ ಕೊಡ್ತಿದ್ರು. ನಾವು ಮನುಷ್ಯರಲ್ವಾ?"

ಆ ಬೆಂಚಿನಿಂದ ಎದ್ದು ಬಂದವನು ಮತ್ತೆ ಅಲ್ಲಿಗೆ ಹೋಗಲಿಲ್ಲ. ಹೋಗಿ ಬಂದೆ ಎಂದು ಹೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅಪ್ಪನ ವರ್ಷದ ಕಾರ್ಯಕ್ಕೆ ತಮ್ಮನಿಗೆ ರಜೆ ಸಿಗಲಿಲ್ಲ. ಅವನು ಬಂದದ್ದು ಇನ್ನೂ ಎರಡು ಮಳೆಗಾಲ ಕಳೆದ ಮೇಲೆ. ಸೊರಗಿದ್ದ, ಕೂದಲನ್ನು ಹಿಂದಕ್ಕೆ ಬಾಚಿದ್ದ. ಕಂಕುಳಲ್ಲಿ ಕೌದಿಯ ಗಂಟು. ಅವ್ವನ ಎದುರು ಅದನ್ನು ಬಿಚ್ಚಿದಾಗ ನಾನು ಮೊದಲ ಸಲ ನನ್ನ ಕೆಲಸವನ್ನು ಕಣ್ಣಿಂದ ನೋಡಿದೆ. ಕುತ್ತಿಗೆ ತಂತಿಯ ಆಧಾರದಲ್ಲಿ ಜೋತಾಡುತ್ತಿತ್ತು. ಹೊಟ್ಟೆಯಲ್ಲಿ ಕೊಕ್ಕೆಯ ತೂತು, ಹೆಬ್ಬೆರಳು ಹೋಗುವಷ್ಟು. ಇವು ಕೂಡಿಸುವಂಥವು. ಆದರೆ ಮುಂಬಯಿಯ ತೇವದ ಹವೆಯಲ್ಲಿ ಎರಡು ಮಳೆಗಾಲ ಬಿಚ್ಚಿಕೊಂಡೇ ನಿಂತು, ಅಂಟೆಲ್ಲ ಎದ್ದು, ಹಲಗೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

"ಎಂತಕ್ಕೆ ತಂದ್ಯಾ?" ಎಂದೆ.

"ಆಫೀಸಿನವ್ರು ನೋಡ್ಬೇಕು ಅಂದಿದ್ಯಲ್ಲ. ಮುಂಬಯಿಗೆ ಯಾರೂ ಬರ್ಲಿಲ್ಲ. ಅದ್ಕೆ ನಾನೇ ತಂದೆ. ನಾಳೆ ಶಿರಸಿಗೆ ಹೋಗಿ ಅವರ ಮೇಜಿನ ಮೇಲೇ ಇಡ್ವ."

"ಇಡು, ಇಡು" ಅಂದಳು ಅವ್ವ. "ಅವರ ಕಣ್ಣು ಹಿಂಗಲಿ. ನಿಮ್ಮಣ್ಣ ತಿರುಗಿ ತಿರುಗಿ ಸಣ್ಣಾದ."

ಮರುದಿನ ಬಸ್ಸಿನಲ್ಲಿ ಗಿಟಾರು ಅವನ ತೊಡೆಯ ಮೇಲಿತ್ತು. ಅವನು ಮಾತಾಡುತ್ತಲೇ ಇದ್ದ. ಮುಂಬಯಿಯಲ್ಲಿ ಈಗ ಹೊಸ ಮೇಳಗಳು ಬಂದಿವೆಯಂತೆ, ಮೇಸ್ತ್ರಿ ಇನ್ನೂ ಬದುಕಿದ್ದಾನಂತೆ, ಕೈಯಲ್ಲೊಂದು ವಾದ್ಯ ಇದ್ದರೆ ಈಗಲೂ ಕರೆಯುತ್ತಾನಂತೆ. ಶಿರಸಿಯಲ್ಲಿ ಇಳಿದು ಲಾರಿ ಆಫೀಸಿನ ಕಡೆ ತಿರುಗಿದಾಗ ನಾನು ಅವನ ತೋಳು ಹಿಡಿದು ನಿಲ್ಲಿಸಿದೆ. ಚಾ ಕುಡಿಯುವ ಎಂದೆ. ಬಸ್ ಸ್ಟ್ಯಾಂಡಿನ ಎದುರಿನ ಚಾ ಅಂಗಡಿಯಲ್ಲಿ ಕೂತು ಎಲ್ಲ ಹೇಳಿದೆ. ಅಡಿಕೆ ಎಂದು ಬರೆಸಿದ್ದು, ಕ್ಲೇಮು ಹಾಕದೇ ಇದ್ದದ್ದು, ಸುಮ್ಮನೆ ಆಫೀಸಿನ ಬೆಂಚಿನ ಮೇಲೆ ಕೂತು ಬರುತ್ತಿದ್ದದ್ದು, ಯಲ್ಲಾಪುರದ ಸದ್ದು. ಎಲ್ಲ ಹಿಂದು ಮುಂದಾಗಿ. ಅವನು ಬಸಿಯಲ್ಲಿ ಚಾ ಸುರಿದುಕೊಂಡವನು ಕುಡಿಯದೆ ಕೇಳಿದ.

"ಸದ್ದು ಕೇಳಿದ ಮೇಲೂ ಹಾಕು ಅಂದ್ಯಾ?"

"ಅಂದೆ."

"ಬಿಚ್ಚಿ ನೋಡೂಣೇನು ಅಂತ ಹಮಾಲ ಕೇಳಿದ್ನಾ?"

"ಕೇಳಿದ."

"ಒಳ್ಳೆ ಮನುಷ್ಯ" ಅಂದ ತಮ್ಮ.

ಬಸಿಯನ್ನು ಪಕ್ಕಕ್ಕೆ ಸರಿಸಿದ. "ರಿಪೇರಿಗೆ ಕೊಡು ಅಂತ ಮೇಸ್ತ್ರಿ ನನ್ನ ಹತ್ರ ಜಗಳ ಆಡಿದ, ಅಣ್ಣಾ. ಲಾರಿಯವರು ಯಾವತ್ತಾದ್ರೂ ದುಡ್ಡು ಕೊಟ್ಟಿದ್ದು ಕಂಡಿದ್ಯಾ ಅಂದ. ನಮ್ಮಣ್ಣ ಇದ್ದಾನೆ, ಅವ ಬಿಡೂದಿಲ್ಲ ಅಂದೆ. ಅವನ ಎದುರು ಎದೆ ತಟ್ಟಿ ಅಂದೆ."

ಹೊಡೆದಿದ್ದರೆ ಚೆನ್ನಾಗಿತ್ತು. ಅವನಿಗೆ ಹೊಡೆಯುವಷ್ಟು ಸಿಟ್ಟೂ ಬಂದ ಹಾಗೆ ಕಾಣಲಿಲ್ಲ. ದೂರ ನಡೆದು ಬಂದವನು ಬಾಗಿಲು ಹಾಕಿದ್ದನ್ನು ನೋಡಿ ನಿಂತರೆ ಹೇಗಿರುತ್ತದೆಯೋ ಹಾಗೆ ಕೂತಿದ್ದ.

"ಆಫೀಸಿಗೆ ಹೋಗೂದು ಬ್ಯಾಡ ಹಂಗಾರೆ" ಅಂದ ಕೊನೆಗೆ. ಆರಿದ ಚಾ ಕುಡಿದು, ಗಂಟು ಎತ್ತಿಕೊಂಡು, ಸಿದ್ದಾಪುರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ನನ್ನನ್ನು ಕೇಳಿದ. ಅವನಿಗೆ ಗೊತ್ತಿತ್ತು. ನಾವಿಬ್ಬರೂ ಆಗಷ್ಟೇ ಅಲ್ಲಿಯೇ ಇಳಿದಿದ್ದೆವು.

ಅವ್ವನಿಗೆ ಅವನು ಏನು ಹೇಳುತ್ತಾನೋ ಎಂದು ದಾರಿಯುದ್ದಕ್ಕೂ ನನಗೆ ಜೀವವಿರಲಿಲ್ಲ. ಅವಳು ಬಾಗಿಲಲ್ಲೇ ಕೇಳಿದಳು.

"ನೋಡಿದ್ರಾ? ಎಂತ ಅಂದ್ರು?"

"ನೋಡಿದ್ರು. ಬರೆದುಕೊಂಡ್ರು" ಅಂದ ತಮ್ಮ, ನನ್ನ ಮುಖ ನೋಡದೆ. "ಬರ್ತದಂತೆ."

ಉಳಿದ ದಿನಗಳಲ್ಲಿ ನಾವು ಆ ಮಾತೆತ್ತಲಿಲ್ಲ. ಅವನು ಮುಂಬಯಿಗೆ ಹೋಗುವಾಗ ಗಿಟಾರನ್ನೂ ಒಯ್ದ. ಆ ರಿಪೇರಿಯವ ಅದನ್ನು ತಿರುಗಿಸಿ ನೋಡಿ, ಆಗಲೇ ತರಬೇಕಿತ್ತು, ಈಗ ಇದರಲ್ಲಿ ಸದ್ದು ಉಳಿದಿಲ್ಲ ಎಂದನೆಂದು ಬಹಳ ಕಾಲದ ಮೇಲೆ ಬೇರೆ ಯಾರಿಂದಲೋ ತಿಳಿಯಿತು. ತಮ್ಮ ಆ ಹಳೆಯ ಹೊಟೇಲಿನಲ್ಲೇ ಉಳಿದ. ಬಡಿಸುತ್ತಿದ್ದವ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನಾದ, ಮದುವೆಯಾದ, ಮಕ್ಕಳಾದವು. ಮತ್ತೆ ವಾದ್ಯ ಮುಟ್ಟಲಿಲ್ಲ.

ಅವನು ಹೋದ ಕೆಲವು ತಿಂಗಳಿಗೆ ಅವ್ವನ ಹೆಸರಿಗೆ ಒಂದು ಕಾರ್ಡು ಬಂತು. ಅವಳಿಗೆ ಓದಲು ಬಾರದು. ನಾನು ಊರಿಗೆ ಹೋಗುವವರೆಗೆ ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಳು. ನಾನು ಓದಿದೆ. ಕ್ಷೇಮ ಸಮಾಚಾರ. ಆಮೇಲೆ, ಕ್ಲೇಮಿನ ದುಡ್ಡು ಪೂರ್ತಿ ಬಂದು ಮುಟ್ಟಿದೆ ಎಂದಿತ್ತು. ನನಗೆ ಅಕ್ಷರ ಕಲಸಿ ಹೋದವು. ಎರಡನೆಯ ಸಲ ಓದಿದೆ. ಹಾಗೆಯೇ ಇತ್ತು. ಕಡೆಯ ಸಾಲನ್ನು ಓದದೆ, ನನಗೂ ಏನೋ ಬರೆದಿದ್ದಾನೆ ಎಂದಷ್ಟೇ ಅಂದೆ.

ಅವ್ವ ಎದ್ದು ನಿಂತಳು. "ಬಂತಾ! ನಾ ಹೇಳ್ಲಿಲ್ವಾ? ದೇವರು ಇದಾನೆ." ನನ್ನ ತಲೆಯ ಮೇಲೆ ಕೈಯಿಟ್ಟಳು. ಮೀಸೆ ಬಂದ ಮೇಲೆ ಅವಳು ಹಾಗೆ ಕೈಯಿಟ್ಟದ್ದು ನನಗೆ ನೆನಪಿಲ್ಲ. "ಎಷ್ಟು ತಿರುಗಿದ್ಯಾ ನೀನು. ಸಾರ್ಥಕ ಆತು."

ಅವಳು ಸುಮ್ಮನಿರಲಿಲ್ಲ, ಕೇರಿಗೆಲ್ಲ ಹೇಳಿದಳು. ಸಂಜೆಯೊಳಗೆ ದೊಡ್ಡಪ್ಪ ಕೋಲೂರಿಕೊಂಡು ಬಂದ. ವರ್ಷ ತುಂಬುವ ಮೊದಲೇ ಗಿಟಾರು ಕಳಿಸಿದ್ದು ಅವನಿಗೆ ಆಗಲೇ ಮೊದಲು ಗೊತ್ತಾದದ್ದು. ನಾನು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದೆ.

"ಅಲ್ದಾ ತಮಾ, ಕಳ್ಸೂದು ಅದೆ ಅಂತ ನಂಗೆ ಹೇಳೂಕೆ ಎಂತಾಗಿತ್ತು?" ಅಂದ. "ನಾ ಆ ವರ್ಷ ಹುಬ್ಬಳ್ಳಿಗೆ ಹೋಗಿದ್ದೆ ಎತ್ತು ನೋಡೂಕೆ. ತೊಡೆ ಮೇಲೆ ಇಟ್ಕಂಡು ಒಯ್ದು ರೈಲಿಗೆ ಹತ್ತಿಸ್ತಿದ್ದೆ. ಇರ್ಲಿ, ಲಾರಿಯವರ ಗಂಟಲಿಂದ ದುಡ್ಡು ತೆಗೆದ್ಯಲ್ಲ. ಯಜಮಾನ ಅಂದ್ರೆ ಹಿಂಗಿರ್ಬೇಕು."

ಅವ್ವ ಒಳಗಿನಿಂದ ಅವನಿಗೆ ಬೆಲ್ಲ ನೀರು ತಂದಳು. ಕಾರ್ಡನ್ನೂ ತಂದು ನನ್ನ ಕೈಗಿಟ್ಟಳು. "ಓದು, ನಿಮ್ಮ ದೊಡ್ಡಪ್ಪಗೆ ಕೇಳ್ಲಿ. ಕಡೆಗೆ ನಿಂಗೂ ಎಂತದೋ ಬರ್ದಿದ್ನಲ್ಲ, ಅದನ್ನೂ ಓದು."

ಕೊನೆಯಲ್ಲಿ ನನಗೆಂದು ಅವನು ಒಂದೇ ಸಾಲು ಬರೆದಿದ್ದ. ದೊಡ್ಡಪ್ಪ ಕಿವಿಗೆ ಕೈ ಕೊಟ್ಟು ಮುಂದೆ ಬಾಗಿದ. ಅವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು.

"ಅಣ್ಣನಿಗೆ ಹೇಳು" ಎಂದು ಓದಿದೆ. "ಅವನು ಇನ್ನು ಆಫೀಸಿಗೆ ಹೋಗಿ ಕೂರುವುದು ಬೇಡ."